ಗುಡಿಸುವ ಯಂತ್ರವನ್ನು ಗುಡಿಸುವವರಾರು?

ಮನೆಯೊಳಗೆ ತಾನೇ ತಿರುಗಾಡಿ ಕಸ ತೆಗೆಯುವ ರೋಬಟ್ ವ್ಯಾಕ್ಯೂಮ್ ಕ್ಲೀನರೆಂಬ ಯಂತ್ರವು ಈಗ ನಮ್ಮ ಪಟ್ಟಣಗಳ ಮನೆಗಳನ್ನೂ ಹೊಕ್ಕಿದೆ. ಸೊಂಟ ಬಗ್ಗಿಸಲಾರದ ವೃದ್ಧರಿಗೂ, ಹೊರಗೆ ದುಡಿದು ಬಂದು ಮನೆಗೆಲಸವನ್ನೂ ನೋಡಬೇಕಾದ ಗೃಹಿಣಿಯರಿಗೂ ಇದು ನಿಜವಾಗಿ ಉಪಕಾರಿಯಾಗಬಲ್ಲದು. ಆದರೆ ಕೊಂಡ ಕೆಲವು ತಿಂಗಳಲ್ಲಿಯೇ ಮಂಚದ ಕೆಳಗೆ ಸೇರಿ ಧೂಳು ಹಿಡಿಯುವ ಯಂತ್ರಗಳೂ ಉಂಟು. ಇದಕ್ಕೆ ಕಾರಣವು ಅನೇಕ ವೇಳೆ ಯಂತ್ರದ ಬಲಹೀನತೆಯಲ್ಲ, ಅದನ್ನು ಶುಚಿಯಾಗಿಡುವ ಕಷ್ಟ. ಆದುದರಿಂದ ಅದರ ರಚನೆಯನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಗಾಳಿಯನ್ನು ಹೀರಿ ಧೂಳು ತೆಗೆಯುವ ಉಪಾಯವು ಹೊಸದಲ್ಲ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರು ನಿರ್ಮಿಸಿದ ಯಂತ್ರವು ಎಷ್ಟು ದೊಡ್ಡದಾಗಿತ್ತೆಂದರೆ, ಕುದುರೆಗಳು ಎಳೆದು ತಂದ ಅದನ್ನು ಬೀದಿಯಲ್ಲಿ ನಿಲ್ಲಿಸಿ, ಕಿಟಕಿಗಳ ಮೂಲಕ ಉದ್ದವಾದ ಕೊಳವೆಗಳನ್ನು ಮನೆಯೊಳಕ್ಕೆ ಒಯ್ಯುತ್ತಿದ್ದರು. 1908ರಲ್ಲಿ ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರನು ಕೈಯಲ್ಲಿ ನಡೆಸಬಹುದಾದ ಯಂತ್ರಕ್ಕೆ ಪೇಟೆಂಟು ಪಡೆದನು. ಅಂಗಡಿಯೊಂದರಲ್ಲಿ ಕಸ ಗುಡಿಸುತ್ತಿದ್ದ ಈತನಿಗೆ ಉಬ್ಬಸದ ಬಾಧೆಯಿತ್ತು. ಧೂಳನ್ನು ತಾಳಲಾರದೆಯೇ ಈ ಯುಕ್ತಿಯನ್ನು ಹುಡುಕಿದನು. ಆದರೂ ಯಂತ್ರದ ಹಿಂದೆ ಮನುಷ್ಯನು ನಡೆಯಲೇಬೇಕಾಗಿತ್ತು. ಆ ಶ್ರಮವನ್ನು ತಪ್ಪಿಸಿದ ಯಂತ್ರಗಳಲ್ಲಿ ಸ್ವೀಡನ್ನಿನ ಎಲೆಕ್ಟ್ರೊಲಕ್ಸ್ ಕಂಪನಿಯ ಟ್ರೈಲೊಬೈಟ್ 2001ರಲ್ಲಿಯೂ, ಅಮೆರಿಕದ ಐರೋಬಟ್ ಕಂಪನಿಯ ರೂಂಬಾ 2002ರಲ್ಲಿಯೂ ಮಾರುಕಟ್ಟೆಗೆ ಬಂದವು.

ಇಂಥ ಯಂತ್ರವು ಸಾಮಾನ್ಯವಾಗಿ ಒಂದು ದಪ್ಪ ತಟ್ಟೆಯಂತೆ ಇರುವುದು. ಪಕ್ಕದ ಪುಟ್ಟ ಬ್ರಷ್ಷು ಗೋಡೆಯಂಚಿನ ಕಸವನ್ನು ಒಳಕ್ಕೆ ತಳ್ಳುವುದು. ಹೊಟ್ಟೆಯ ಕೆಳಗಿನ ಉರುಳುವ ಬ್ರಷ್ಷು ಅದನ್ನು ಮೇಲಕ್ಕೆತ್ತುವುದು. ಒಳಗಿನ ಫ್ಯಾನು ಗಾಳಿಯೊಡನೆ ಅದನ್ನು ಪೆಟ್ಟಿಗೆಗೆ ಎಳೆಯುವುದು. ಫಿಲ್ಟರು ಧೂಳನ್ನು ತಡೆದು ಗಾಳಿಯನ್ನು ಮಾತ್ರ ಹೊರಕ್ಕೆ ಬಿಡುವುದು. ಮೊದಲ ಯಂತ್ರಗಳು ಗೋಡೆಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸುತ್ತ, ಒಂದೆಡೆ ಮೂರು ಬಾರಿ ಗುಡಿಸಿ ಇನ್ನೊಂದೆಡೆಯನ್ನು ಮರೆಯುತ್ತಿದ್ದವು. 2010ರಲ್ಲಿ ನೀಟೊ ಎಂಬ ಕಂಪನಿಯ ಯಂತ್ರವು ಲೇಸರ್ ಕಿರಣವನ್ನು ಸುತ್ತ ಬೀಸಿ, ಕೋಣೆಯ ನಕ್ಷೆಯನ್ನು ತಾನೇ ಬರೆದುಕೊಂಡು, ಹೊಲದಲ್ಲಿ ಸಾಲು ಹಿಡಿದು ಉಳುವಂತೆ ನೆಲವನ್ನು ಗುಡಿಸಿತು. ಅದರ ಮುಂಭಾಗವು ದುಂಡಾಗಿರದೆ ಚಪ್ಪಟೆಯಾಗಿದ್ದುದರಿಂದ ಮೂಲೆಯ ಕಸಕ್ಕೂ ಹತ್ತಿರ ಹೋಗಬಲ್ಲದಾಯಿತು.

ಅಂಗಡಿಯವರು ಹೀರುವ ಬಲವನ್ನೇ ಹೆಚ್ಚಾಗಿ ಹೊಗಳುವರು. ಆದರೆ ಕೈಯಿಂದ ನಡೆಸುವ ದೊಡ್ಡ ಯಂತ್ರವು ಗೋಡೆಯ ತಂತಿಯಿಂದ 1000 ವಾಟಿಗೂ ಮೀರಿದ ಶಕ್ತಿಯನ್ನು ಎಳೆದುಕೊಳ್ಳಬಲ್ಲದು. ಈ ಪುಟ್ಟ ಯಂತ್ರಕ್ಕಾದರೋ ಬ್ಯಾಟರಿಯಲ್ಲಿ ಕಟ್ಟಿಕೊಂಡ ಬುತ್ತಿಯೇ ಗತಿ. ಸಾಮಾನ್ಯವಾಗಿ ನೂರು ವಾಟಿಗೂ ಕಡಿಮೆ ಶಕ್ತಿಯಲ್ಲಿ ಅದು ನಡೆಯಬೇಕು, ನೋಡಬೇಕು, ಗುಡಿಸಬೇಕು. ಫ್ಯಾನಿನ ವೇಗವನ್ನು ಏರಿಸಿದರೆ ಬುತ್ತಿ ಬೇಗನೆ ತೀರುವುದು, ಸದ್ದೂ ಹೆಚ್ಚುವುದು. ಇಷ್ಟು ಅಲ್ಪ ಬಲದಲ್ಲಿ ಕೆಲಸ ಸಾಗಬೇಕಾದರೆ ಗಾಳಿಯ ದಾರಿಯಲ್ಲಿ ಎಲ್ಲಿಯೂ ಸೋರಿಕೆಯಾಗಲಿ ಅಡಚಣೆಯಾಗಲಿ ಇರಕೂಡದು. ಧೂಳು ಕಟ್ಟಿದ ಫಿಲ್ಟರು ಗಾಳಿಯನ್ನು ತಡೆಯುವುದು. ಬ್ರಷ್ಷಿಗೆ ಸುತ್ತಿದ ಕೂದಲು ಮೋಟಾರಿನ ಹೊರೆಯನ್ನು ಹೆಚ್ಚಿಸಿ ಬ್ಯಾಟರಿಯನ್ನು ಬರಿದು ಮಾಡುವುದು. ಹೀಗೆ ಯಂತ್ರದ ಸಾಮರ್ಥ್ಯವೂ ಅದರ ಶುಚಿತ್ವವೂ ಬೇರೆಯಲ್ಲ. ಸುಲಭವಾಗಿ ಶುಚಿ ಮಾಡಲಾಗದ ಯಂತ್ರವು ಕೊಂಡ ದಿನ ಎಷ್ಟೇ ಬಲಶಾಲಿಯಾಗಿರಲಿ, ಆರು ತಿಂಗಳಲ್ಲಿ ಬಲಹೀನವಾಗುವುದು.

ತಯಾರಕರೂ ಇದನ್ನು ಅರಿತರು. 2013ರಲ್ಲಿ ರೂಂಬಾದ ಹೊಸ ಮಾದರಿಯಲ್ಲಿ ಕೂದಲನ್ನು ಹಿಡಿದಿಡುತ್ತಿದ್ದ ಎಳೆಯ ಬ್ರಷ್ಷಿಗೆ ಬದಲಾಗಿ, ಒಂದಕ್ಕೊಂದು ಎದುರಾಗಿ ತಿರುಗುವ ಎರಡು ರಬ್ಬರಿನ ಉರುಳೆಗಳನ್ನು ಅಳವಡಿಸಿದರು. ಕೂದಲು ಪೂರ್ತಿ ತಪ್ಪಲಿಲ್ಲವಾದರೂ ಅದು ಉರುಳೆಯ ತುದಿಗಳಲ್ಲಿ ಸೇರುವುದರಿಂದ ಬಿಡಿಸುವುದು ಹಗುರವಾಯಿತು. 2018ರಲ್ಲಿ ಅದೇ ಕಂಪನಿಯು, ಯಂತ್ರವು ಹಿಂದಿರುಗಿ ನಿಲ್ಲುವ ಪೀಠವೇ ಅದರ ಹೊಟ್ಟೆಯ ಕಸವನ್ನು ಚೀಲವೊಂದಕ್ಕೆ ಹೀರಿಕೊಳ್ಳುವ ವ್ಯವಸ್ಥೆಯನ್ನು ತಂದಿತು. ಇದರಿಂದ ದಿನದಿನವೂ ಪೆಟ್ಟಿಗೆ ಕೊಡವುವ ಕೆಲಸ ತಪ್ಪಿತು. ಆದರೆ ಚೀಲ ಕೊಳ್ಳುವ ಖರ್ಚು ಗಂಟುಬಿತ್ತು. ಯಾವ ಸೌಕರ್ಯಕ್ಕೂ ಹೀಗೆ ಒಂದು ಬೆಲೆಯುಂಟೆಂಬುದನ್ನು ಗೃಹಿಣಿಯರು ಮರೆಯಬಾರದು.

ನಮ್ಮ ಮನೆಗಳ ರೀತಿಯನ್ನೂ ಗಮನಿಸಬೇಕು. ಎರಡು ಸೆಂಟಿಮೀಟರಿಗಿಂತ ಎತ್ತರವಾದ ಹೊಸ್ತಿಲನ್ನು ಅನೇಕ ಯಂತ್ರಗಳು ದಾಟಲಾರವು. ಜಮಖಾನದ ಕುಚ್ಚು, ಉದ್ದವಾದ ತಲೆಗೂದಲು ಇವು ಉರುಳೆಗೆ ಶತ್ರುಗಳು. ಮುಂಜಾನೆ ಇಟ್ಟ ರಂಗವಲ್ಲಿಯೂ ಅದಕ್ಕೆ ಕಸವೇ. ಆ ನುಣ್ಣನೆಯ ಪುಡಿಯು ಫಿಲ್ಟರನ್ನು ಬೇಗನೆ ಮುಚ್ಚುವುದು. ಮೆಟ್ಟಿಲಿನಿಂದ ಬೀಳದಂತೆ ಕಾಯುವ, ಹೊಟ್ಟೆಯ ಕೆಳಗಿನ ಅವರಕ್ತ ಕಿರಣದ ಕಣ್ಣುಗಳು ಕಡುಕಪ್ಪು ನೆಲಹಾಸನ್ನು ಹಳ್ಳವೆಂದು ಭ್ರಮಿಸಿ ಹಿಂದೆ ಸರಿಯುವುದುಂಟು. ಆ ಕಣ್ಣುಗಳಿಗೆ ಧೂಳು ಮುಸುಕಿದರೂ ಇದೇ ಗತಿ. ಒಣಬಟ್ಟೆಯಿಂದ ಆಗಾಗ ಒರಸಬೇಕು. ನೆಲ ಒರಸುವ ಏರ್ಪಾಡಿಲ್ಲದ ಯಂತ್ರವನ್ನು ನೀರಿನ ಪಸೆಯಿರುವಲ್ಲಿ ಬಿಡಲೇಕೂಡದು.

ಕೊಳ್ಳುವವರಿಗೆ ನಮ್ಮ ಸಲಹೆಯಿಷ್ಟೆ: ಅಂಗಡಿಯಲ್ಲಿ ಯಂತ್ರವು ಓಡುವುದನ್ನು ನೋಡಿ ಬೆರಗಾಗುವುದಕ್ಕೆ ಮೊದಲು ಅದನ್ನು ಅಂಗಾತ ಮಾಡಿಸಿ ನೋಡಿರಿ. ಉರುಳೆಯು ಸ್ಕ್ರೂ ಬಿಚ್ಚದೆ ಕೈಗೆ ಬರುವುದೇ? ಪೆಟ್ಟಿಗೆಯನ್ನು ಧೂಳು ಚೆಲ್ಲದೆ ತೆಗೆಯಬಹುದೇ? ಫಿಲ್ಟರು ತೊಳೆಯತಕ್ಕದ್ದೋ, ಬರಿದೆ ಕೊಡವತಕ್ಕದ್ದೋ? ತೊಳೆದುದನ್ನು ಪೂರ್ತಿ ಒಣಗಿಸಿಯೇ ಮತ್ತೆ ಹಾಕಬೇಕಾದುದರಿಂದ ಇನ್ನೊಂದು ಫಿಲ್ಟರು ಜೊತೆಯಲ್ಲಿರುವುದು ಒಳ್ಳೆಯದು. ಬ್ಯಾಟರಿ, ಚಕ್ರ, ಪಕ್ಕದ ಬ್ರಷ್ಷು ಇವು ಬಿಡಿಯಾಗಿ ನಮ್ಮ ಊರಿನಲ್ಲಿ ದೊರೆಯುವುವೇ? ಒಂದು ಚಿಕ್ಕ ಭಾಗ ಸಿಕ್ಕದೆ ಇಡೀ ಯಂತ್ರವನ್ನೇ ಎಸೆಯಬೇಕಾದರೆ ಅದು ಉಳಿತಾಯವಾಗದು.

ಮನೆಗೆ ಬಂದ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ ಅದರ ಉಪಚಾರಕ್ಕೆ ಮೀಸಲಿಡಿರಿ. ಈ ಕೆಲಸವನ್ನು ಮನೆಯ ಗಂಡಸರೂ ಮಕ್ಕಳೂ ಕಲಿಯಲಿ. ಗೃಹಿಣಿಯ ಬೆನ್ನಿನ ಭಾರವನ್ನು ಇಳಿಸಬಂದ ಯಂತ್ರದ ಆರೈಕೆಯೂ ಅವಳೊಬ್ಬಳ ತಲೆಯ ಮೇಲೆಯೇ ಬಿದ್ದರೆ, ಪೊರಕೆಯೇ ಮೇಲೆಂದು ಅವಳು ಹೇಳುವುದರಲ್ಲಿ ಆಶ್ಚರ್ಯವೇನು?