ಲ್ಯಾಬ್ ವೆಬ್‌ಸೈಟಿನ ಹಳೇ ಪುಟ: ಅಳಿಸೋದಾ, ಉಳಿಸೋದಾ?

ಇಯರ್‌ಫೋನ್ ಹಾಕ್ಕೊಂಡು ಕೇಳೋಕೆ ಆಗದವರಿಗೆ ಈ ವಾರದ ಎಪಿಸೋಡಿನ ಬರಹರೂಪ ಇಲ್ಲಿದೆ.

ನನ್ನ ಚಿಕ್ಕಮ್ಮನ ಮಗಳು ಎಂಎಸ್ಸಿ ಮುಗಿಸಿ ಕೆಲಸ ಹುಡುಕ್ತಾ ಇದ್ದಳು. ಒಂದು ಸಂಶೋಧನಾ ಲ್ಯಾಬಿನ ವೆಬ್‌ಸೈಟಲ್ಲಿ ‘ಪ್ರಾಜೆಕ್ಟ್ ಅಸಿಸ್ಟೆಂಟ್ ಬೇಕಾಗಿದ್ದಾರೆ, ಕೊನೆಯ ದಿನ ಜುಲೈ 15’ ಅಂತಿತ್ತು. ವರ್ಷ ಹಾಕಿರಲಿಲ್ಲ. ಎರಡು ರಾತ್ರಿ ಕೂತು ಅರ್ಜಿ ಬರೆದಳು, ಶಿಫಾರಸು ಪತ್ರಕ್ಕೆ ಮೇಷ್ಟ್ರ ಮನೆಗೆ ಹೋಗಿಬಂದಳು. ಕಳಿಸಿದ ಮೇಲ್ ಹಾಗೇ ವಾಪಸ್ ಬಂತು. ವಿಚಾರಿಸಿದರೆ ಅದು ನಾಲ್ಕು ವರ್ಷ ಹಳೇ ನೋಟೀಸು!

“ಅಣ್ಣಾ, ಅಳಿಸೋಕೆ ಒಂದು ನಿಮಿಷ ಸಾಕಲ್ವಾ?” ಅಂದಳು. ಬಿಕಾಂ ಓದಿದ ನನಗೂ ಹಾಗೇ ಅನಿಸಿತ್ತು. ಪಿಎಚ್‌ಡಿ ಮಾಡ್ತಾ ತನ್ನ ಲ್ಯಾಬಿನ ಸೈಟ್ ನೋಡಿಕೊಳ್ಳೋ ಗೆಳೆಯನನ್ನ ಕೇಳಿದ ಮೇಲೆ ವಿಷಯ ಅರ್ಥ ಆಯ್ತು.

ಇಂಥ ಸೈಟನ್ನ ಹೆಚ್ಚಾಗಿ ಯಾರೋ ಒಬ್ಬ ವಿದ್ಯಾರ್ಥಿ ಕಟ್ಟಿರ್ತಾನೆ. ಪದವಿ ಮುಗಿದ ಮೇಲೆ ಪಾಸ್‌ವರ್ಡ್ ಸಮೇತ ಹೊರಟುಬಿಡ್ತಾನೆ. ಪೇಪರ್ ಬರೆದರೆ ಹೆಸರು ಬರತ್ತೆ, ಸೈಟ್ ಒರೆಸಿದರೆ ಏನೂ ಬರಲ್ಲ. ಹಾಗಾಗಿ ಮುಂದೆ ಬಂದವರು ಅದನ್ನ ಮುಟ್ಟೋಕೇ ಹೋಗಲ್ಲ.

ಸರಿ, ಕ್ಲೀನ್ ಮಾಡೋದು ಹೇಗೆ? ನಮ್ಮ ಕಾಮರ್ಸ್ ಭಾಷೇಲಿ ಹೇಳೋದಾದ್ರೆ, ಮಾರ್ಚ್ ಕೊನೆಗೆ ಅಂಗಡಿ ಸ್ಟಾಕ್ ಎಣಿಸೋ ಹಾಗೆ. ಮೊದಲು ಎಲ್ಲ ಪುಟಗಳ ಪಟ್ಟಿ ಮಾಡಿ, ಯಾವಾಗಿನದು, ಯಾರ ಜವಾಬ್ದಾರಿ ಅಂತ ಬರೆದುಕೊಳ್ಳಬೇಕು. ಆಮೇಲೆ ಮೂರು ರಾಶಿ.

ಒಂದು, ತೆಗೆಯಬೇಕಾದ್ದು. ಅವಧಿ ಮುಗಿದ ಕೆಲಸದ ನೋಟೀಸು, ಬಿಟ್ಟುಹೋದವರ ಫೋನ್ ನಂಬರು. ಇಲ್ಲೊಂದು ಎಚ್ಚರಿಕೆ: ಮೆನುವಿನಿಂದ ಲಿಂಕ್ ತೆಗೆದರೆ ಫೈಲ್ ಹೋಗಲ್ಲ. ಪಿಡಿಎಫ್ ಸರ್ವರಲ್ಲೇ ಕೂತಿರತ್ತೆ, ಗೂಗಲ್ ಜನರನ್ನ ಅಲ್ಲಿಗೇ ಕಳಿಸ್ತಿರತ್ತೆ. ಫೈಲನ್ನೇ ಅಳಿಸಬೇಕು. 404 ಅಂದ್ರೆ ‘ಸಿಗ್ತಿಲ್ಲ’ ಅಂತಷ್ಟೇ. 410 ಅಂದ್ರೆ ‘ತೆಗೆದಿದ್ದೇವೆ, ಮತ್ತೆ ಬರಬೇಡಿ’ ಅಂತ. ಬೇಕಂತಲೇ ತೆಗೆದ ಪುಟಕ್ಕೆ 410 ಸರಿ.

ಎರಡು, ಜಾಗ ಬದಲಿಸಬೇಕಾದ್ದು. ಹಳೇ ವಿದ್ಯಾರ್ಥಿಗಳ ಹೆಸರು ಅಳಿಸಬಾರದು. ಅಲ್ಲಿ ದುಡಿದಿದ್ದಕ್ಕೆ ಅವರಿಗೆ ಅದೂ ಒಂದು ಸಾಕ್ಷಿ. ‘ಹಿಂದಿನ ಸದಸ್ಯರು’ ಪುಟಕ್ಕೆ ವರ್ಷದ ಸಮೇತ ಸೇರಿಸಬೇಕು. ಪುಟದ ವಿಳಾಸ ಬದಲಾದರೆ 301 ರೀಡೈರೆಕ್ಟ್ ಹಾಕಬೇಕು. ಮನೆ ಬದಲಿಸಿದಾಗ ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಕೊಟ್ಟ ಹಾಗೆ.

ಮೂರು, ಮುಟ್ಟಬಾರದ್ದು. ಪೇಪರು, ಡೇಟಾ, ಸಾಫ್ಟ್‌ವೇರು. ಇವುಗಳ ಲಿಂಕ್ ಎಲ್ಲೋ ಇನ್ಯಾರದೋ ಪೇಪರಿನಲ್ಲಿ ಅಚ್ಚಾಗಿರತ್ತೆ. ನಾವು ಅಳಿಸಿದರೆ ಅವರ ಆಧಾರವೇ ಹೋಯ್ತು. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದ ನಂತರ ಸಿಗ್ತಿರಲಿಲ್ಲ.

ವೆಬ್ ಹುಟ್ಟಿದ್ದೇ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಜಿನೀವಾ ಹತ್ತಿರದ ಸರ್ನ್‌ನಲ್ಲಿ. ಪ್ರಪಂಚದ ಮೊದಲ ವೆಬ್‌ಸೈಟನ್ನ ಅದರ ಮೂಲ ವಿಳಾಸದಲ್ಲೇ ಮತ್ತೆ ನಿಲ್ಲಿಸೋಕೆ 2013ರಲ್ಲಿ ಅವರು ಪ್ರತ್ಯೇಕ ಯೋಜನೆಯನ್ನೇ ಮಾಡಬೇಕಾಯ್ತು. ಆಗ ಹಾಕಿದ್ದು 1992ರ ಪ್ರತಿ. ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ, ಒಳ್ಳೇ ವೆಬ್ ವಿಳಾಸ ಬದಲಾಗಲ್ಲ ಅಂತ ಲೇಖನ ಬರೆದಿದ್ದರು.

ಆದ್ದರಿಂದ ಅಳಿಸೋ ಮೊದಲು ಪುಟವನ್ನ ವೇಬ್ಯಾಕ್ ಮಷೀನ್‌ನಲ್ಲಿ ಸೇವ್ ಮಾಡಿ. ಆದರೆ ಫೋನ್ ನಂಬರಿನಂಥ ಖಾಸಗಿ ಮಾಹಿತಿ ಇರೋದನ್ನ ಸೇವ್ ಮಾಡಬೇಡಿ. ಡೇಟಾ ಇದ್ದರೆ ಸರ್ನ್ ನಡೆಸೋ ಝೆನೋಡೋಗೆ ಹಾಕಿ. ಅಲ್ಲಿ ಡಿಒಐ ಅನ್ನೋ ಶಾಶ್ವತ ಗುರುತು ಸಿಗತ್ತೆ. ಲ್ಯಾಬಿನ ಸೈಟ್ ನಾಳೆ ಮುಚ್ಚಿದರೂ ಅದು ಉಳಿಯತ್ತೆ.

ಅರ್ಜಿ ಹಾಕೋರಿಗೆ ಒಂದು ಮಾತು. ನೋಟೀಸಲ್ಲಿ ವರ್ಷ ಇಲ್ಲದಿದ್ರೆ ಆ ಪುಟದ ವಿಳಾಸವನ್ನ ವೇಬ್ಯಾಕ್ ಮಷೀನ್‌ಗೆ ಹಾಕಿ ನೋಡಿ. ಎರಡು ವರ್ಷದ ಹಿಂದಿನ ಪ್ರತಿಯಲ್ಲೂ ಅದೇ ನೋಟೀಸು ಇದ್ದರೆ ಅಲ್ಲಿಗೇ ಬಿಡಿ. ನನ್ನ ತಂಗಿ ಈಗ ಅದನ್ನೇ ಮಾಡ್ತಾಳೆ.

ಲ್ಯಾಬಿನವರಿಗೆ ಕೇಳಿಕೊಳ್ಳೋದು ಇಷ್ಟೇ: ಬೇರೇನೂ ಮಾಡೋಕೆ ಆಗದಿದ್ರೂ ಪರವಾಗಿಲ್ಲ, ದಿನಾಂಕದ ಪಕ್ಕ ವರ್ಷ ಹಾಕಿ. ಯಾರದ್ದೋ ಎರಡು ರಾತ್ರಿ ಉಳಿಯತ್ತೆ.

ಮುಂದಿನ ವಾರ ಸಿಗೋಣ.