ಅವರೆ ಕಾಲದ ಆ ಜ್ವರ ಯಾವುದು?

ಗುಬ್ಬಿ ತಾಲ್ಲೂಕಿನ ತೋಟದ ಮನೆಯೊಂದರ ಬೀರುವಿನಲ್ಲಿ ಒಂದು ಎಕ್ಸ್‌ರೇ ಇನ್ನೂ ಜೋಪಾನವಾಗಿದೆ. ಕವರಿನ ಮೇಲೆ 2020ರ ಜನವರಿಯ ತಾರೀಖು. ಫಿಲಂ ಅನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಎಡ ಶ್ವಾಸಕೋಶದ ಬುಡದಲ್ಲಿ ಮಂಜು ಕವಿದಂಥ ಬಿಳುಪು. ಯಜಮಾನರು ಹದಿನೈದು ದಿನ ಹಾಸಿಗೆ ಬಿಟ್ಟು ಏಳಲಿಲ್ಲವಂತೆ. ಅದು ಕೊರೊನಾವೇ ಎಂಬುದರಲ್ಲಿ ಮನೆಯವರಿಗೆ ಎಳ್ಳಷ್ಟೂ ಅನುಮಾನವಿಲ್ಲ.

ಈ ಮಾತು ಆ ಮನೆಯದಷ್ಟೇ ಅಲ್ಲ. ತುಮಕೂರಿನ ಮೆಡಿಕಲ್ ಶಾಪಿನ ಮುಂದಾಗಲಿ, ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಾಗಲಿ ವಿಷಯ ಎತ್ತಿದರೆ ಸಾಕು, ‘ನಮಗೆ ಆಗ್ಲೇ ಬಂದೋಗಿತ್ತು’ ಎನ್ನುವವರು ಒಬ್ಬರಾದರೂ ಸಿಗುತ್ತಾರೆ. ಸರ್ಕಾರದ ಲೆಕ್ಕದಲ್ಲಿ ರಾಜ್ಯದ ಮೊದಲ ಪ್ರಕರಣ ದೃಢಪಟ್ಟದ್ದು 2020ರ ಮಾರ್ಚ್ 9ರ ಹೊತ್ತಿಗೆ, ಬೆಂಗಳೂರಿನಲ್ಲಿ. ತುಮಕೂರು ಜಿಲ್ಲೆಯದು ಮಾರ್ಚ್ 27ರಂದು.

ಆ ಬಿಳುಪು ಯಾವ ರೋಗಾಣುವಿನದೆಂದು ಫಿಲಂ ಹೇಳದು. ಎಚ್1ಎನ್1 ಫ್ಲೂ ತರುವ ನ್ಯುಮೋನಿಯಾ ಕೂಡ ಹಾಗೇ ಕಾಣಬಹುದು. ಅದೇ ವರ್ಷದ ಫೆಬ್ರುವರಿಯಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದು ಇಬ್ಬರು ನೌಕರರಿಗೆ ಎಚ್1ಎನ್1 ತಗುಲಿತೆಂದು ಕಚೇರಿಗಳನ್ನೇ ಮುಚ್ಚಿತ್ತು. ಈಗ ರಕ್ತ ಪರೀಕ್ಷೆ ಮಾಡಿಸಿಯೂ ಪ್ರಯೋಜನವಿಲ್ಲ. ಅಲೆಯ ಮೇಲೆ ಅಲೆ, ಮೇಲಿಂದ ಲಸಿಕೆ. ಪ್ರತಿಕಾಯ ಇದ್ದರೂ ಯಾವಾಗಿನದೆಂದು ಹೇಳಲಾಗದು.

ಉಳಿಯುವುದು ವಾಸನೆ. ಜನವರಿ ಎಂದರೆ ಈ ಸೀಮೆಯಲ್ಲಿ ಸೊಗಡು ಅವರೆಯ ಕಾಲ. ಕಾಯಿ ಬಿಡಿಸಿದರೆ ಬೆರಳಿಗೆ ಅಂಟುವ ಆ ಎಣ್ಣೆ ಘಮಲು ಸೋಪು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ. ಹಿದುಕಬೇಳೆ ಸಾರು ಕುದಿಯುವಾಗ ಬೀದಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಆ ಜನವರಿಯಲ್ಲಿ ಮಲಗಿದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಸೊಗಡು ಗೊತ್ತಾಗುತ್ತಿತ್ತೇ? ನೆಗಡಿಯಲ್ಲೂ ವಾಸನೆ ಹೋಗುತ್ತದೆ ನಿಜ, ಆದರೆ ಅದು ಹೆಚ್ಚಾಗಿ ಮೂಗು ಕಟ್ಟಿದ್ದರಿಂದ. ಕೊರೊನಾದಲ್ಲಿ ಎಷ್ಟೋ ಜನರಿಗೆ ಮೂಗು ಸಲೀಸಾಗಿದ್ದೂ ವಾಸನೆ ಹೋಯಿತು, ಏಕೆಂದರೆ ವೈರಸ್ ಹಿಡಿದದ್ದು ಘ್ರಾಣನರಗಳಿಗೆ ಆಸರೆಯಾದ ಜೀವಕೋಶಗಳನ್ನು. ಗುಬ್ಬಿಯ ಮನೆಯಲ್ಲಿ ಈ ಪ್ರಶ್ನೆಗೆ ಉತ್ತರ ಸ್ಪಷ್ಟ: ಬಾಯಿಗೆ ರುಚಿಯಿರಲಿಲ್ಲ, ಮೂಗು ಕಟ್ಟಿತ್ತು, ಆದರೂ ಅವರೆಕಾಳು ಉಪ್ಪಿಟ್ಟಿನ ವಾಸನೆ ಬರುತ್ತಿತ್ತು. ಇದು ಪುರಾವೆಯಲ್ಲ. ಆದರೂ ತಕ್ಕಡಿ ಫ್ಲೂ ಕಡೆಗೇ ವಾಲುತ್ತದೆ.

ಬೇರೆಡೆ ತೀರ್ಮಾನ ನೀಡಿದ್ದು ಆ ದಿನಗಳಲ್ಲೇ ಎತ್ತಿಟ್ಟ ಮಾದರಿಗಳು. ಪ್ಯಾರಿಸ್ ಬಳಿಯ ಬೊಬಿನ್ಯಿಯಲ್ಲಿ 2019ರ ಡಿಸೆಂಬರ್ 27ರ ರೋಗಿಯ ಮಾದರಿಯನ್ನು ತಿಂಗಳುಗಳ ನಂತರ ಪರೀಕ್ಷಿಸಿದರೆ ಪಾಸಿಟಿವ್ ಬಂತು. ಮಿಲಾನ್, ಟ್ಯೂರಿನ್ ನಗರಗಳ ಡಿಸೆಂಬರ್ 18ರ ಚರಂಡಿ ನೀರಿನಲ್ಲೂ ವೈರಸ್ಸಿನ ಕುರುಹು ಸಿಕ್ಕಿತು. ನಮ್ಮಲ್ಲಿ ಐಸಿಎಂಆರ್ ಫೆಬ್ರುವರಿ 15ರಿಂದ ಏಪ್ರಿಲ್ 2ರವರೆಗೆ ತೀವ್ರ ಉಸಿರಾಟದ ತೊಂದರೆಯಿದ್ದ 5,911 ಜನರ ಮಾದರಿ ಪರೀಕ್ಷಿಸಿತು. ಪಾಸಿಟಿವ್ 104. ಮಾರ್ಚ್ ಮಧ್ಯದ ತನಕ ಒಂದೂ ಇಲ್ಲ.

ಹರಡಲು ಅವಕಾಶವೂ ಇಲ್ಲಿ ಕಡಿಮೆಯಿರಲಿಲ್ಲ. 2020ರ ಜನವರಿ 2ರಂದು ಪ್ರಧಾನಿ ತುಮಕೂರಿಗೆ ಬಂದಾಗ ಸೇರಿದ ಜನವೆಷ್ಟು! ಫೆಬ್ರುವರಿಯ ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆ ಬೇರೆ. ವೈರಸ್ ಇಲ್ಲಿ ಆಗಲೇ ಬೇರೂರಿದ್ದರೆ ಆಸ್ಪತ್ರೆಯ ವಾರ್ಡುಗಳು ಮಾರ್ಚ್‌ಗೆ ಮುಂಚೆಯೇ ತುಂಬಬೇಕಿತ್ತು. 2021ರ ಏಪ್ರಿಲ್–ಮೇನಲ್ಲಿ ಅದು ಅಬ್ಬರಿಸಿ ಬಂದಾಗ ಏನಾಯಿತೆಂದು ಎಲ್ಲರೂ ಕಂಡಿದ್ದಾರೆ.

ಹೀಗೆ ಜನವರಿಯಲ್ಲೇ ಬಂದಿತ್ತೆಂಬ ವಾದ ನಿಲ್ಲುವುದಿಲ್ಲ. ಹಾಗೆಂದು ಮಾರ್ಚ್ 27ನ್ನೇ ಆರಂಭ ಎನ್ನುವುದೂ ತಪ್ಪು. ಮಾರ್ಚ್ 20ರ ತನಕ ಪರೀಕ್ಷೆ ಆಗುತ್ತಿದ್ದುದು ಮುಖ್ಯವಾಗಿ ವಿದೇಶದಿಂದ ಬಂದವರಿಗೆ, ಅವರ ಸಂಪರ್ಕದಲ್ಲಿದ್ದವರಿಗೆ. ಜಿಲ್ಲೆಯ ಮೊದಲ ಪ್ರಕರಣವಾದ ಸಿರಾದ ಹಿರಿಯರು ವಿದೇಶ ಕಂಡವರಲ್ಲ. ರೈಲಿನಲ್ಲಿ ದಿಲ್ಲಿಗೆ ಹೋಗಿ ಬಂದಿದ್ದರು. ಸೋಂಕು ದೃಢಪಟ್ಟ ದಿನವೇ ತೀರಿಕೊಂಡರು. ಕುಣಿಗಲ್‌ನಿಂದ ದಿನಾ ಬೆಂಗಳೂರಿಗೆ ಬಸ್ಸು ಹತ್ತುವವರು ಮಾರ್ಚ್ ಎರಡನೇ ವಾರ ಜ್ವರವೆಂದು ಕ್ಲಿನಿಕ್ಕಿಗೆ ಹೋಗಿದ್ದರೆ ಪ್ಯಾರಾಸಿಟಮಾಲ್ ಬರೆದು ಕಳಿಸುತ್ತಿದ್ದರೇ ಹೊರತು ಗಂಟಲ ದ್ರವ ತೆಗೆಯುತ್ತಿರಲಿಲ್ಲ. ಹುಡುಕುವುದಾದರೆ ಹುಡುಕಬೇಕಾದ್ದು ಆ ವಾರಗಳ ಚೀಟಿಗಳನ್ನು.