ಮೂಲೆಯಲ್ಲಿ ಕೂರಿಸಬೇಡಿ, ಕಾರ್ಡು ಮಾಡಿಸಿ



ನಿಮ್ಮ ಬೀದಿಯಲ್ಲಿ ಎಷ್ಟು ಮನೆ ಇವೆ? ಒಮ್ಮೆ ಲೆಕ್ಕ ಹಾಕಿ. ಒಂದಲ್ಲ ಒಂದು ಮನೆಯಲ್ಲಿ ಕಾಲು ಸ್ವಾಧೀನ ಇಲ್ಲದ ಮಗು ಇರಬಹುದು. ಕಣ್ಣು ಕಾಣದ ಹೆಂಗಸು ಇರಬಹುದು. ಕಿವಿ ಕೇಳದ ಹುಡುಗಿ ಇರಬಹುದು. ಬುದ್ಧಿ ನಿಧಾನವಾಗಿ ಬೆಳೆಯುವ ಹುಡುಗ ಇರಬಹುದು. ಇವರನ್ನು ವಿಕಲಚೇತನರು ಎನ್ನುತ್ತೇವೆ.

ಇವರನ್ನು ಜಾತ್ರೆಗೆ ಕರೆದುಕೊಂಡು ಹೋಗುತ್ತೇವೆಯೇ? ಮದುವೆಗೆ? ಶಾಲೆಗೆ? ಎಷ್ಟೋ ಮನೆಗಳಲ್ಲಿ ಇಲ್ಲ. ನೆಂಟರು ಬಂದರೆ ಒಳಗಿನ ಕೋಣೆಗೆ ಕಳಿಸುವುದೂ ಉಂಟು. "ಏನ್ ಮಾಡೋದವ್ವ, ನಮ್ಮ ಹಣೇಬರ" ಎನ್ನುತ್ತಾರೆ.

ಇದು ಹಣೆಬರಹ ಅಲ್ಲ

ವಿಕಲತೆ ಯಾರ ಪಾಪದ ಫಲವೂ ಅಲ್ಲ. ತಾಯಿಯ ತಪ್ಪೂ ಅಲ್ಲ. ಹೆರಿಗೆಯಲ್ಲಿ ಮಗುವಿಗೆ ಉಸಿರು ಕಟ್ಟಿದರೆ ಹೀಗಾಗಬಹುದು. ಮೆದುಳಿಗೆ ಜ್ವರ ಬಂದರೆ ಆಗಬಹುದು. ರಸ್ತೆ ಅಪಘಾತದಿಂದ ಆಗಬಹುದು. ಹಿಂದೆ ಪೋಲಿಯೋ ಎಷ್ಟೋ ಮಕ್ಕಳ ಕಾಲನ್ನು ಕಿತ್ತುಕೊಂಡಿತು. ಎರಡು ಹನಿ ಲಸಿಕೆ ಆ ರೋಗವನ್ನು ಓಡಿಸಿತು. 2014ರಲ್ಲಿ ನಮ್ಮ ದೇಶ ಪೋಲಿಯೋ ಮುಕ್ತವಾಯಿತು. ಹಣೆಬರಹ ಆಗಿದ್ದರೆ ಎರಡು ಹನಿಗೆ ಓಡುತ್ತಿತ್ತೇ?

ಹೊರದೇಶದಲ್ಲಿ ಏನು ಮಾಡಿದರು?

ಜಪಾನ್ ಎಂಬ ದೇಶವಿದೆ. ಅಲ್ಲಿ ಮಿಯಾಕೆ ಎಂಬುವರು ಇದ್ದರು. ಅವರ ಗೆಳೆಯರೊಬ್ಬರಿಗೆ ಕಣ್ಣು ಮಂದವಾಗುತ್ತಾ ಬಂತು. ಗೆಳೆಯ ರಸ್ತೆಯಲ್ಲಿ ನಡೆಯುವುದು ಹೇಗೆ? ಮಿಯಾಕೆ ಯೋಚಿಸಿದರು. ಉಬ್ಬು ಗುಂಡಿಗಳಿರುವ ಕಲ್ಲಿನ ಬಿಲ್ಲೆ ಮಾಡಿದರು. ಕಾಲಿಗೆ ಉಬ್ಬು ತಾಕಿದರೆ ದಾರಿ ಗೊತ್ತಾಗುತ್ತದೆ. 1967ರಲ್ಲಿ ಕುರುಡು ಮಕ್ಕಳ ಶಾಲೆಯ ಹತ್ತಿರದ ರಸ್ತೆಯಲ್ಲಿ ಅವನ್ನು ಹಾಸಿದರು.

ಆ ಬಿಲ್ಲೆ ಈಗ ನಮ್ಮ ಹತ್ತಿರಕ್ಕೂ ಬಂದಿದೆ. ಬೆಂಗಳೂರಿನ ಮೆಟ್ರೋ ನಿಲ್ದಾಣಗಳಲ್ಲಿ ನೆಲದ ಮೇಲೆ ಹಳದಿ ಪಟ್ಟಿ ಇರುತ್ತದೆ. ಕನಕಪುರ ರಸ್ತೆಯಲ್ಲಿ ಮೆಟ್ರೋ ಹತ್ತುವವರು ನೋಡಿರುತ್ತೀರಿ. ಅದು ಅಲಂಕಾರ ಅಲ್ಲ. ಕಣ್ಣು ಕಾಣದವರ ದಾರಿ. ಅದರ ಮೇಲೆ ಗಂಟುಮೂಟೆ ಇಡಬೇಡಿ.

ಅಮೆರಿಕದಲ್ಲಿ 1990ರಲ್ಲಿ ಒಂದು ಕಾನೂನು ಬಂತು. ಬಸ್ಸು, ಕಚೇರಿ, ಅಂಗಡಿಗೆ ಗಾಲಿಕುರ್ಚಿಯವರೂ ಹೋಗುವಂತೆ ಇರಬೇಕು ಎಂದಿತು. 2006ರಲ್ಲಿ ವಿಶ್ವಸಂಸ್ಥೆ ಒಂದು ಒಪ್ಪಂದ ಮಾಡಿತು. ವಿಕಲಚೇತನರಿಗೆ ಬೇಕಾದ್ದು ದಯೆ ಅಲ್ಲ, ಹಕ್ಕು ಎಂದು ಅದು ಸಾರಿತು. ಮರುವರ್ಷ ನಮ್ಮ ದೇಶವೂ ಅದನ್ನು ಒಪ್ಪಿತು.

ನಮ್ಮ ಕಾನೂನು

ನಮ್ಮಲ್ಲಿ 2016ರಲ್ಲಿ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು. ಮೊದಲು 7 ಬಗೆಯ ವಿಕಲತೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈಗ 21 ಬಗೆ. ಆಸಿಡ್ ದಾಳಿಗೆ ಸಿಕ್ಕಿದವರೂ ಇದರಲ್ಲಿ ಸೇರಿದ್ದಾರೆ.

ಶೇಕಡಾ 40 ಅಥವಾ ಹೆಚ್ಚು ವಿಕಲತೆ ಇದ್ದವರಿಗೆ ಹೆಚ್ಚಿನ ಸೌಲಭ್ಯ ಉಂಟು. 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಉಂಟು. ಸರ್ಕಾರಿ ಕೆಲಸದಲ್ಲಿ ಶೇಕಡಾ 4 ಮೀಸಲು. ಬಡತನ ನೀಗಿಸುವ ಯೋಜನೆಗಳಲ್ಲಿ, ಮನೆ ಹಂಚುವಾಗ ಶೇಕಡಾ 5 ಮೀಸಲು. ಅದರಲ್ಲೂ ಹೆಂಗಸರಿಗೆ ಮೊದಲ ಆದ್ಯತೆ. ಈ ಮಾತನ್ನು ಇನ್ನೊಮ್ಮೆ ಓದಿ. ಹೆಂಗಸರಿಗೆ ಮೊದಲ ಆದ್ಯತೆ.

ಮೊದಲು ಕಾರ್ಡು

ಇದಕ್ಕೆಲ್ಲ ಬೀಗದ ಕೈ ಒಂದೇ. ಅದು ಯುಡಿಐಡಿ ಕಾರ್ಡು, ಅಂದರೆ ವಿಕಲಚೇತನರ ಗುರುತಿನ ಚೀಟಿ. ಇದನ್ನು ಮಾಡಿಸುವ ಬಗೆ ಹೀಗೆ:

1. ಆಧಾರ್, ಫೋಟೋ, ಮೊಬೈಲ್ ನಂಬರ್ ಇಟ್ಟುಕೊಳ್ಳಿ.
2. ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು. ಗ್ರಾಮ ಒನ್ ಕೇಂದ್ರದಲ್ಲಿ ಕೇಳಿ.
3. ಅರ್ಜಿಯಲ್ಲಿ ಆಸ್ಪತ್ರೆಯ ಹೆಸರು ಆರಿಸಬೇಕು. ಹೇಳಿದ ದಿನ ಅಲ್ಲಿಗೆ ಹೋಗಬೇಕು.
4. ಡಾಕ್ಟರು ಪರೀಕ್ಷೆ ಮಾಡಿ, ವಿಕಲತೆ ಶೇಕಡಾ ಎಷ್ಟು ಎಂದು ಬರೆಯುತ್ತಾರೆ.
5. ಆಮೇಲೆ ಕಾರ್ಡು ಬರುತ್ತದೆ.

ಶೇಕಡಾ 40ಕ್ಕಿಂತ ಕಡಿಮೆ ಇದ್ದರೆ ಬಿಳಿ ಪಟ್ಟಿ. 40ರಿಂದ 80ರ ಒಳಗೆ ಹಳದಿ. 80 ಮತ್ತು ಮೇಲಿದ್ದರೆ ನೀಲಿ. ಈ ಕಾರ್ಡು ಇಡೀ ದೇಶದಲ್ಲಿ ನಡೆಯುತ್ತದೆ. ಕೂಲಿಗಾಗಿ ಬೇರೆ ರಾಜ್ಯಕ್ಕೆ ಹೋದರೂ ಇದೇ ಗುರುತು.

ಕಾರ್ಡು ಕೈಗೆ ಬಂದ ಕೂಡಲೇ ಪೆಟ್ಟಿಗೆಯಲ್ಲಿ ಇಡಬೇಡಿ. ನಿಮಗೆ ಈಗ ಓದು ಬರುತ್ತದೆ. ಓದಿ. ಹೆಸರು ಆಧಾರ್‌ನಲ್ಲಿ ಇರುವಂತೆಯೇ ಇದೆಯೇ? ಹುಟ್ಟಿದ ದಿನ ಸರಿಯೇ? ಶೇಕಡಾ ಎಷ್ಟು ಬರೆದಿದೆ? ಯಾವ ದಿನದವರೆಗೆ ನಡೆಯುತ್ತದೆ? ಒಂದು ಅಕ್ಷರ ತಪ್ಪಿದರೂ ಮುಂದೆ ತೊಂದರೆ. ಡಾಕ್ಟರು ಬರೆದ ಶೇಕಡಾ ಸರಿ ಇಲ್ಲ ಎನಿಸಿದರೆ ಮೇಲ್ಮನವಿ ಕೊಡಬಹುದು.

ನಮ್ಮ ಜಿಲ್ಲೆಯ ಹೆಸರನ್ನೂ ಗಮನಿಸಿ. ರಾಮನಗರ ಜಿಲ್ಲೆ ಆದದ್ದು 2007ರಲ್ಲಿ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಜಿಲ್ಲೆ ಎಂದು ಹೆಸರಿಟ್ಟರು. ಕಾಗದದಲ್ಲಿ ಯಾವ ಹೆಸರು ಕಂಡರೂ ಗಾಬರಿ ಬೇಡ. ಜಿಲ್ಲಾ ಕೇಂದ್ರ ರಾಮನಗರವೇ.

ಯಾರನ್ನು ಕೇಳಬೇಕು?

"ನಂಗೆ ಆಫೀಸು ಗೀಫೀಸು ಗೊತ್ತಿಲ್ಲ ಕಣಕ್ಕ. ಯಾರ್ ತಾವ ಹೋಗ್ಲಿ?" ಎಂದು ಕೇಳುತ್ತೀರಾ? ದೂರ ಹೋಗಬೇಕಿಲ್ಲ. ಮೊದಲು ಗ್ರಾಮ ಪಂಚಾಯಿತಿಗೆ ಹೋಗಿ. ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅವರೂ ವಿಕಲಚೇತನರೇ. ನಿಮ್ಮ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಚನ್ನಪಟ್ಟಣ, ಕನಕಪುರ, ಮಾಗಡಿ, ರಾಮನಗರ, ಎಲ್ಲ ಕಡೆಯೂ ಹೀಗೆಯೇ. ಜಿಲ್ಲೆಯ ಕಚೇರಿ ರಾಮನಗರದಲ್ಲಿದೆ.

ಏನೇನು ಸಿಗುತ್ತದೆ?

ಪಿಂಚಣಿ: ನಾಡ ಕಚೇರಿಯಲ್ಲಿ ಅರ್ಜಿ ಕೊಡಿ. ಆದಾಯ ಪತ್ರ ಬೇಕು. ವಿಕಲತೆ ಹೆಚ್ಚಿದ್ದರೆ ಪಿಂಚಣಿಯೂ ಹೆಚ್ಚು. ಹಣ ಖಾತೆಗೆ ಬರುತ್ತದೆ. ಪಾಸ್‌ಬುಕ್ ಬರೆಸಿ, ನೀವೇ ಓದಿ ನೋಡಿ.

ಬಸ್ ಪಾಸ್: ಹೆಂಗಸರಿಗೆ 2023ರಿಂದ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ. ವಿಕಲಚೇತನ ಗಂಡಸರಿಗೂ, ಹುಡುಗರಿಗೂ ರಿಯಾಯಿತಿ ಪಾಸ್ ಉಂಟು. ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಬಹುದು. ಆಸ್ಪತ್ರೆಗೆಂದು ಬೆಂಗಳೂರಿಗೆ ಹೋಗಿ ಬರಲು ಸಾಕು.

ಸಾಧನಗಳು: ಮೂರು ಚಕ್ರದ ಸೈಕಲ್, ಗಾಲಿಕುರ್ಚಿ, ಊರುಗೋಲು, ಕಿವಿಗೆ ಹಾಕುವ ಯಂತ್ರ ಸರ್ಕಾರದ ಯೋಜನೆಯಲ್ಲಿ ಸಿಗುತ್ತವೆ. ಅಳತೆ ನೋಡಿ ತೆಗೆದುಕೊಳ್ಳಿ. ಅಳತೆ ತಪ್ಪಿದ ಗಾಲಿಕುರ್ಚಿಯಿಂದ ಮೈ ಹುಣ್ಣಾಗುತ್ತದೆ.

ಶಾಲೆ: ಶಾಲೆಗೆ ಹೋಗಲು ಆಗದಷ್ಟು ವಿಕಲತೆ ಇರುವ ಮಗುವಿಗೆ ಮನೆಗೇ ಬಂದು ಕಲಿಸುವ ವ್ಯವಸ್ಥೆ ಇದೆ. ಊರಿನ ಮೇಷ್ಟರನ್ನು ಕೇಳಿ.

ಕಿವಿ ಮತ್ತು ಮಾತು: ಹಿಂದಿನಿಂದ ಚಪ್ಪಾಳೆ ತಟ್ಟಿದರೂ ಮಗು ತಿರುಗುವುದಿಲ್ಲವೇ? "ನಿಧಾನಕ್ಕೆ ಸರಿಹೋಯ್ತದೆ ಬುಡಿ" ಎಂದು ಕಾಯಬೇಡಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೆ. ರಾಮನಗರ, ಚನ್ನಪಟ್ಟಣದಿಂದ ನೇರ ರೈಲು ಇದೆ. ಮಗು ಮಾತು ಕಲಿಯುವುದು ಕೇಳಿಸಿಕೊಂಡೇ. ಎಷ್ಟು ಬೇಗ ತೋರಿಸಿದರೆ ಅಷ್ಟು ಒಳ್ಳೆಯದು.

ಕಾನೂನು ನೆರವು: ಹೆಂಗಸರಿಗೂ ವಿಕಲಚೇತನರಿಗೂ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿ.

ದುಡಿಮೆಯೂ ಬೇಕು

ಪಿಂಚಣಿಯಿಂದ ಮಾತ್ರ ಬದುಕು ನಡೆಯದು. ಕೆಲಸ ಇದ್ದರೆ ಮರ್ಯಾದೆಯೂ ಇರುತ್ತದೆ. ಚನ್ನಪಟ್ಟಣದ ಬೊಂಬೆಗೆ ಅರಗಿನ ಬಣ್ಣ ಕೊಡಲು ಕೈ ಬೇಕು. ಕಾಲು ಬಲವಾಗಿಲ್ಲದಿದ್ದರೂ ನಡೆಯುತ್ತದೆ. ಬಟ್ಟೆ ಹೊಲಿಯಲು ಕಿವಿ ಕೇಳಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯೊಂದು ಹುಟ್ಟಿತು. ಎಪಿಡಿ ಎಂದು ಅದರ ಹೆಸರು. ಕಟ್ಟಿದವರು ಎನ್. ಎಸ್. ಹೇಮಾ. ಅವರೂ ವಿಕಲಚೇತನ ಮಹಿಳೆ. ಆ ಸಂಸ್ಥೆ ಇಂದಿಗೂ ವಿಕಲಚೇತನರಿಗೆ ಕೆಲಸ ಕಲಿಸುತ್ತಿದೆ.

ನಾವು ಮಾಡಬೇಕಾದ್ದು

ಕುಂಟಿ, ಮೂಗಿ ಎಂದು ಕರೆಯುವುದನ್ನು ಬಿಡೋಣ. ಅವರಿಗೂ ಹೆಸರಿದೆ. ಸಂಘದ ಸಭೆಗೆ ಅವರನ್ನೂ ಕರೆಯೋಣ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: "ಪಂಚಾಯಿತೀಲಿ ವಿಕಲಚೇತನರಿಗೆ ಅಂತ ದುಡ್ಡು ತೆಗೆದಿಡಬೇಕಲ್ಲ, ಸ್ವಾಮಿ. ಈ ವರ್ಷ ಎಷ್ಟು ಇಟ್ರಿ? ಯಾತಕ್ಕೆ ಖರ್ಚು ಮಾಡಿದ್ರಿ?" ಒಬ್ಬಳು ಕೇಳಿದರೆ ನಗುತ್ತಾರೆ. ಹತ್ತು ಜನ ಕೇಳಿದರೆ ಲೆಕ್ಕ ತೆಗೆಯುತ್ತಾರೆ.

ಕೂಡಿ ಮಾತಾಡಿ

1. ನಿಮ್ಮ ಊರಿನಲ್ಲಿ ಕಾರ್ಡು ಇಲ್ಲದ ವಿಕಲಚೇತನರು ಎಷ್ಟು ಜನ?
2. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ಹೆಸರು ಏನು? ಕೇಳಿ ತಿಳಿದು, ಇಲ್ಲಿ ಬರೆಯಿರಿ.
3. ಊರಿನ ಶಾಲೆಗೆ, ಅಂಗನವಾಡಿಗೆ ಗಾಲಿಕುರ್ಚಿ ಹತ್ತುವ ಇಳಿಜಾರು ಇದೆಯೇ?